ಕಡ್ಡಿಗೆ ಕಾಯಿದೆ, ಗಾಳಿಗೆ ಜೈಕಾರ

ಡಿಸೆಂಬರಿನ ಒಂದು ಸಂಜೆ, ಕೊಪ್ಪಳ ಜಿಲ್ಲೆಯ ನಮ್ಮ ತಳಕಲ್ಲಿನಲ್ಲಿ ದೀಪ ಹಚ್ಚುವ ಹೊತ್ತು. ಟೆಕ್ಸಾಸಿನಿಂದ ನಮ್ಮಕ್ಕನ ವಿಡಿಯೊ ಕಾಲ್ ಬಂತು. ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರುತ್ತೇನೆಂದು ಹೋದವಳು. ಅಲ್ಲಿ ಆಗಷ್ಟೇ ಬೆಳಕು ಹರಿದಿತ್ತು.

“ತಮ್ಮಾ, ಎದ್ದು ಬಾಗ್ಲಾ ತಗದು ನೋಡ್ತೀನಿ, ಅಂಗಳದಾಗ ಹೆಣ ಬಿದ್ದೈತೋ!”

ಫೋನನ್ನು ಅಂಗಳದ ಕಡೆ ತಿರುಗಿಸಿದಳು. ನನ್ನ ಎದೆಯೂ ಧಸಕ್ಕೆಂದಿತು. ಹುಲ್ಲಿನ ಮೇಲೆ ಕೆಂಪು ನಿಲುವಂಗಿ, ಬಿಳಿ ಗಡ್ಡ, ಕರಿ ಬೂಟು ಎಲ್ಲ ಒಂದೇ ಮುದ್ದೆಯಾಗಿ ಬಿದ್ದಿದ್ದವು. ಹಿಂದಿನಿಂದ ಅಳಿಯನ ದನಿ ಕೇಳಿಸಿತು: “ಹೆಣ ಅಲ್ಲವ್ವಾ, ಸಾಂತಾ ಕ್ಲಾಸ್. ಹಗಲ ಹೊತ್ತು ಗಾಳಿ ಬಂದ್ ಮಾಡೀನಿ. ಸಂಜಿಗೆ ಫ್ಯಾನ್ ಚಾಲೂ ಆತಂದ್ರ ತಾನ ಎದ್ದು ನಿಲ್ತಾನ.”

ಅಳಿಯನ ತಲೆಬಿಸಿ ಬೇರೆಯೇ ಇತ್ತು. ಅವನ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂದಿತ್ತು. ಸಾಂತಾ ನಿಗದಿ ಮಾಡಿದ್ದಕ್ಕಿಂತ ಎತ್ತರ ಇದ್ದಾನೆ. ನಿಗದಿಯಾದ ತಾರೀಖಿಗಿಂತ ಮೊದಲೇ ನಿಂತಿದ್ದಾನೆ. ಅವನನ್ನು ಉಬ್ಬಿಸುವ ಫ್ಯಾನಿನ ಸದ್ದು ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತಿದೆ. ಹಬ್ಬ ಮುಗಿದ ಇಷ್ಟು ದಿನದೊಳಗೆ ಮಡಿಚಿ ಒಳಗಿಡದಿದ್ದರೆ ದಂಡ. ಸಾಂತಾನ ಪಕ್ಕದಲ್ಲಿದ್ದ ಗಾಳಿ ತುಂಬಿದ ಹಿಮದ ಗೊಂಬೆಯ ಹಣೆಗೆ, ದೃಷ್ಟಿ ತಾಗಬಾರದೆಂದು, ನಮ್ಮಕ್ಕ ಮೂರು ಬೆರಳಿನ ವಿಭೂತಿ ಎಳೆದಿದ್ದಳಂತೆ. ಬಿಳಿ ಹಣೆಯ ಮೇಲೆ ಬಿಳಿ ವಿಭೂತಿ ಕಾಣಲಿಲ್ಲ. ಹಾಗಾಗಿ ಆ ಅಪರಾಧ ಮಾತ್ರ ಪತ್ರದಲ್ಲಿ ನಮೂದಾಗಿರಲಿಲ್ಲ.

“ಮಾಮಾ, ನಮ್ಮೂರಾಗ ಅಂಗಳದಾಗ ಏನ್ ನಿಲ್ಲಿಸ್ಬೇಕು, ಎಷ್ಟೆತ್ತರ ನಿಲ್ಲಿಸ್ಬೇಕು ಅಂತ ರೂಲ್ ಅದಾವೇನು?” ಎಂದು ಅಳಿಯ ಕೇಳಿದ.

ಇಲ್ಲ ಎಂದರೆ ದೇಶದ ಮಾನದ ಗತಿ ಏನು? “ಅದಾವಪಾ, ಬೇಕಾದಷ್ಟು ಅದಾವ” ಎಂದು ಫೋನಿಟ್ಟೆ. ಫೋನಿಟ್ಟ ಮೇಲೆ ಹುಡುಕಲು ಶುರು ಮಾಡಿದೆ.

ಮೊದಲು ಈ ಗಾಳಿಗೊಂಬೆಗಳ ಜಾತಕ ತೆಗೆಸಿದೆ. ಬಹಳ ಹಳೆಯ ಮನೆತನವೇನಲ್ಲ. ಶೋರೂಮುಗಳ ಮುಂದೆ ಕುಡಿದವನ ಹಾಗೆ ಬಾಗಿ, ಬಳುಕಿ, ಎರಡೂ ಕೈ ಮೇಲೆತ್ತಿ ಕುಣಿಯುವ ಉದ್ದನೆಯ ಗಾಳಿಗೊಂಬೆ ಇದೆಯಲ್ಲ, ಅದನ್ನು ಕಲ್ಪಿಸಿದವನು ಟ್ರಿನಿಡಾಡ್ ದ್ವೀಪದ ಕಾರ್ನಿವಲ್ ಕಲಾವಿದ ಪೀಟರ್ ಮಿನ್ಶಲ್. ಇಸ್ರೇಲಿ ಕಲಾವಿದ ಡೊರಾನ್ ಗಾಜಿಟ್ ಜೊತೆಗೂಡಿ 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಅದನ್ನು ಕುಣಿಸಿದರು. ಕಾರ್ನಿವಲ್ಲಿನ ಕಲೆ ಕೆಲವೇ ವರ್ಷಗಳಲ್ಲಿ ಕಾರು ಮಾರುವವರ ಬಾಗಿಲು ಕಾಯಲು ನಿಂತಿತು. ಇನ್ನು ಮನೆಯಂಗಳದ ಸಾಂತಾ. ಅವನನ್ನು 2001ರಲ್ಲಿ ಎಂಟು ಅಡಿ ಎತ್ತರಕ್ಕೆ ಊದಿ ಪೇಟೆಗೆ ಬಿಟ್ಟದ್ದು ಜೆಮ್ಮಿ ಎಂಬ ಕಂಪನಿ. ಅದು ಇರುವುದು ಟೆಕ್ಸಾಸಿನ ಡಲ್ಲಾಸ್ ಮಗ್ಗುಲಿನ ಕೊಪೆಲ್ ಎಂಬ ಊರಿನಲ್ಲಿ. ಇಂಗ್ಲಿಷಿನಲ್ಲಿ ಬರೆದಾಗ ಅದು ನಮ್ಮ ಕೊಪ್ಪಳದ ಸೋದರತ್ತೆಯ ಮಗಳ ಹಾಗೆ ಕಾಣುತ್ತದೆ. ಕೊಪೆಲ್ಲಿನವರು ಗೊಂಬೆಯೊಳಗೆ ಗಾಳಿ ತುಂಬಿದರು. ಕೊಪ್ಪಳದ ಕಡೆಯವರು ಯಾವುದರೊಳಗೆ ಗಾಳಿ ತುಂಬಿದೆವು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ನ್ಯೂಯಾರ್ಕಿನಲ್ಲಿ ಮೇಸಿ ಎಂಬ ಅಂಗಡಿಯವರು 1927ರಿಂದಲೂ ನವೆಂಬರಿನಲ್ಲಿ ಮನೆಯೆತ್ತರದ ಬಲೂನುಗಳ ಮೆರವಣಿಗೆ ತೆಗೆಯುತ್ತಾರೆ. 1997ರಲ್ಲಿ ಜೋರು ಗಾಳಿಗೆ ಸಿಕ್ಕ ಒಂದು ಬೆಕ್ಕಿನ ಬಲೂನು ಬೀದಿ ದೀಪದ ಕಂಬಕ್ಕೆ ಬಡಿದು ನೋಡುಗರು ಗಾಯಗೊಂಡರು. ಮುಂದಿನ ವರ್ಷಕ್ಕೆ ನಗರಾಡಳಿತ ನಿಯಮ ತಂದಿತು. ಗಾಳಿ ಗಂಟೆಗೆ ಸುಮಾರು 37 ಕಿಲೋಮೀಟರು, ಅದರ ಬೀಸು ಸುಮಾರು 55 ಕಿಲೋಮೀಟರು ದಾಟಿತೆಂದರೆ ದೊಡ್ಡ ಬಲೂನು ಏಳುವಂತಿಲ್ಲ. ನಮ್ಮಲ್ಲೂ ಗಾಳಿಗೇನು ಬರವಿಲ್ಲ. ಯಲಬುರ್ಗಾ, ಕುಕನೂರು ಸೀಮೆಯ ಎರೆಹೊಲಗಳಲ್ಲಿ ನಿಂತ ಗಾಳಿಯಂತ್ರಗಳು ಆಷಾಢದಲ್ಲಿ ತಿರುಗುವುದನ್ನು ಒಮ್ಮೆ ಬಂದು ನೋಡಿ. ಆದರೆ ಗಾಳಿಯ ಬಗ್ಗೆ ನಮ್ಮವರು ಮಾಡಿಕೊಂಡಿರುವ ನಿಯಮ ಒಂದೇ ಒಂದು, ಅದೂ ಗಾದೆಯ ರೂಪದಲ್ಲಿ: ಗಾಳಿ ಬಂದಾಗ ತೂರಿಕೋ.

ಗಾದೆಯನ್ನು ಅಮೆರಿಕಕ್ಕೆ ಕಳಿಸಲು ಆಗುವುದಿಲ್ಲ. ಮರುದಿನ ಹೋಟೆಲ್ಲಿನ ಕಟ್ಟೆಗೆ ಹೋಗಿ ಒಗ್ಗರಣೆ ಮಿರ್ಚಿಯ ಮುಂದೆ ಪ್ರಶ್ನೆ ಇಟ್ಟೆ. ಕಟ್ಟೆಯ ಕಾಯಂ ಸದಸ್ಯರಾದ ನಿವೃತ್ತ ಮಾಸ್ತರು ಚಷ್ಮಾ ಏರಿಸಿದರು.

“ರೂಲ್ ಇಲ್ಲ ಅಂತ ಯಾರಂದ್ರೀ? ಬಲೂನಿಗೇ ಐತಿ. ಬಲೂನಿನ ಕಡ್ಡಿ ಬಂದ್ ಮಾಡ್ಯಾರ.”

ನೋಡಿದರೆ ನಿಜ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಒಂದು ಪಟ್ಟಿಯೇ ನಿಷೇಧವಾಗಿದೆ. ಕೇಂದ್ರ ಸರ್ಕಾರ ಬಹಳ ಯೋಚನೆ ಮಾಡಿದ ಪಟ್ಟಿ ಅದು. ಕಿವಿಗೆ ಹಾಕುವ ಹತ್ತಿಯ ಪ್ಲಾಸ್ಟಿಕ್ ಕಡ್ಡಿ. ಬಲೂನಿನ ಕಡ್ಡಿ. ಮಿಠಾಯಿ ಕಡ್ಡಿ. ಐಸ್‌ಕ್ರೀಮಿನ ಕಡ್ಡಿ. ಚಹಾ ಕಲಕುವ ಕಡ್ಡಿ. ಲೆಕ್ಕ ಹಾಕಿ, ಒಟ್ಟು ಐದು ಕಡ್ಡಿ. ಜೊತೆಗೆ ಪ್ಲಾಸ್ಟಿಕ್ ಧ್ವಜ, ಅಲಂಕಾರದ ಥರ್ಮಾಕೋಲು. ಸರ್ಕಾರ ಯಾವತ್ತಾದರೂ ಕಡ್ಡಿ ಮುರಿದ ಹಾಗೆ ಮಾತಾಡಿದ್ದಿದ್ದರೆ ಅದು ಆವತ್ತೇ, ಅದೂ ಅಕ್ಷರಶಃ.

ಗಮನಿಸಿ, ಬಲೂನಿಗೆ ನಿಷೇಧವಿಲ್ಲ, ಅದರ ಕಡ್ಡಿಗೆ ಇದೆ. ಎಷ್ಟು ಬೇಕಾದರೂ ಊದಿ, ಎಷ್ಟು ಬೇಕಾದರೂ ಉಬ್ಬಿ. ಹಿಡಿದುಕೊಳ್ಳಲು ಮಾತ್ರ ಏನೂ ಇರಬಾರದು. ಹತ್ತು ರೂಪಾಯಿಯ ಆಟಿಕೆಗೆ ಮಾಡಿದ ಈ ನಿಯಮದಲ್ಲಿ ನಮ್ಮ ಸಾರ್ವಜನಿಕ ಜೀವನದ ಪೂರ್ತಿ ತತ್ವಶಾಸ್ತ್ರ ಅಡಗಿದೆ.

“ಬ್ಯಾನರಿಗೂ ಐತ್ರೀ,” ಮಾಸ್ತರು ಮುಂದುವರಿಸಿದರು. ಅದೇ ಪಟ್ಟಿಯ ಪ್ರಕಾರ 100 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಬ್ಯಾನರು ಕಟ್ಟುವಂತಿಲ್ಲ. ದಪ್ಪಗಿದ್ದರೆ ಬಚಾವು. ನಮ್ಮ ರಾಜ್ಯ ಇನ್ನೂ ಚುರುಕು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸು, ಬ್ಯಾನರು, ಬಂಟಿಂಗು, ಬಾವುಟ ಎಲ್ಲವನ್ನೂ, ಎಷ್ಟೇ ದಪ್ಪ ಇರಲಿ, ನಿಷೇಧಿಸಿದೆ. ಅಂದರೆ ಕೇಂದ್ರದ ನಿಯಮಕ್ಕೆ ಬ್ಯಾನರಿನ ದಪ್ಪ ನೋಡಬೇಕು. ರಾಜ್ಯದ ನಿಯಮಕ್ಕೆ ದಪ್ಪ ನೋಡಬೇಕಿಲ್ಲ. ಎರಡರ ನಡುವೆ ಬರೆದಿಡದ ಮೂರನೆಯ ನಿಯಮ ಒಂದಿದೆ, ನಡೆಯುವುದು ಅದೇ: ಬ್ಯಾನರಿನಲ್ಲಿ ಯಾರ ಮುಖ ಇದೆ ನೋಡಬೇಕು.

ಬಾವುಟದ ಕಥೆ ಇನ್ನೂ ಸೊಗಸು. ಪ್ಲಾಸ್ಟಿಕ್ ಧ್ವಜ ಹಾರಿಸುವಂತಿಲ್ಲ. ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜ ಹಾರಿಸಬಹುದು. 2022ರ ಜುಲೈ ತಿದ್ದುಪಡಿಯ ನಂತರ ಅದನ್ನು ಮನೆಯ ಮೇಲೆ ರಾತ್ರಿಯೂ ಹಾರಿಸಬಹುದು. ಪಾಲಿಯೆಸ್ಟರ್ ಅಂದರೆ ನೂಲಾಗಿ ಎಳೆದ ಪ್ಲಾಸ್ಟಿಕ್ಕೇ ಎಂದು ರಸಾಯನಶಾಸ್ತ್ರ ಹೇಳುತ್ತದೆ. ರಸಾಯನಶಾಸ್ತ್ರಕ್ಕೆ ವೋಟು ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ಹೊಲಿಯುವ ಹೆಣ್ಣುಮಕ್ಕಳ ಕೈಯಲ್ಲಿ ಮಾತ್ರ ಒಂದೊಂದು ನೂಲಿಗೂ, ಒಂದೊಂದು ಹೊಲಿಗೆಗೂ ನಿಯಮ ಇದೆ. ಅಳತೆ ತಪ್ಪಿದರೆ ಆ ಧ್ವಜ ಪಾಸಾಗುವುದಿಲ್ಲ. ನಿಯಮ ಪಾಲಿಸುವವರಿಗೇ ನಿಯಮ ಹೆಚ್ಚು.

ದೇವರನ್ನೂ ಬಿಟ್ಟಿಲ್ಲ. 2020ರಲ್ಲಿ ಕೊರೊನಾ ಕಾಲದ ಚೌತಿಗೆ ಸರ್ಕಾರ ಗಣಪ್ಪನ ಎತ್ತರ ಗೊತ್ತು ಮಾಡಿತು. ಮನೆಯಲ್ಲಾದರೆ 2 ಅಡಿ, ಸಾರ್ವಜನಿಕ ಜಾಗದಲ್ಲಾದರೆ 4 ಅಡಿ. ಗಣಪ್ಪ ತಕರಾರು ತೆಗೆಯಲಿಲ್ಲ. ವಿಶ್ವರೂಪಕ್ಕೆ ಹೆಸರಾದವರ ಮನೆತನದವನು, ಎರಡು ಅಡಿಯೊಳಗೆ ಕಾಲು ಮಡಿಚಿ ಕೂತು, ಕಡುಬು ತಿಂದು, ಹೇಳಿದ ದಿನಕ್ಕೆ ನೀರಿಗಿಳಿದ. ಅದೇ ವರ್ಷ ಯಾವ ನಾಯಕನ ಕಟೌಟಿಗಾದರೂ ಯಾರಾದರೂ ಟೇಪು ಹಿಡಿದದ್ದು ನನಗೆ ನೆನಪಿಲ್ಲ. ದೇವರ ಎತ್ತರ ಅಳೆಯಲು ಧೈರ್ಯ ಬೇಕಿಲ್ಲ. ದೇವರು ವರ್ಗಾವಣೆ ಮಾಡಿಸುವುದಿಲ್ಲ.

ಸದ್ದಿಗೂ ನಿಯಮ ಇದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಮುಚ್ಚಿರಬೇಕು. ಇದು 2000ದ ನಿಯಮ. ನಮ್ಮ ಮದುವೆ ಮೆರವಣಿಗೆಯ ಡಿಜೆ ಪಕ್ಕದಲ್ಲಿ ಅಳಿಯನ ಸಾಂತಾನ ಫ್ಯಾನು ಇಟ್ಟರೆ ಅದು ಜೋಗುಳ.

ಗೋಡೆ, ಕಂಬ, ಮರಗಳ ಅಂದ ಕೆಡಿಸುವುದಕ್ಕೂ ಪ್ರತ್ಯೇಕ ಕಾಯಿದೆ ಇದೆ. ಬಯಲು ಸ್ಥಳಗಳ ವಿರೂಪ ತಡೆಗಟ್ಟುವ 1981ರ ಕಾಯಿದೆ. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. 1981ರಲ್ಲಿ ಸಾವಿರ ರೂಪಾಯಿ ಅಂದರೆ ಮನುಷ್ಯ ಬೆವರುತ್ತಿದ್ದ. ಈಗ ಒಂದು ದೊಡ್ಡ ಫ್ಲೆಕ್ಸಿನ ಮುದ್ರಣ, ಚೌಕಟ್ಟು, ಕಟ್ಟುವ ಹುಡುಗರ ಮಿರ್ಚಿ ಎಲ್ಲ ಸೇರಿಸಿದರೆ ದಂಡಕ್ಕಿಂತ ಬಿಲ್ಲೇ ಜಾಸ್ತಿ. ದಂಡವನ್ನು ಖರ್ಚಿನ ಪಟ್ಟಿಯಲ್ಲಿ ಸುತ್ತಿಗೆ, ಮೊಳೆ, ಹಗ್ಗದ ಕೆಳಗೆ ಬರೆದುಕೊಳ್ಳಬಹುದು.

ಇಷ್ಟು ಕೇಳಿ ಹೋಟೆಲ್ಲಿನ ಯಜಮಾನರು ಜಾರಿಯಿಂದ ಮಿರ್ಚಿ ಎತ್ತುತ್ತಾ ಒಂದೇ ಪ್ರಶ್ನೆ ಕೇಳಿದರು: “ಇಷ್ಟೆಲ್ಲಾ ಬಂದ್ ಆಗ್ಯಾವಂದ್ರ, ರಸ್ತೆ ತುಂಬ ಕೈಮುಕ್ಕೊಂಡು ನಿಂತಾರಲ್ರೀ, ಇವರೆಲ್ಲಾ ಯಾರು?”

ಪ್ರಶ್ನೆ ಪೂರ್ತಿ ಉತ್ತರ ಕರ್ನಾಟಕದ್ದು. ಬಳ್ಳಾರಿಯಿಂದ ಬೀದರಿನವರೆಗೆ ಯಾವ ಊರಿನ ಸರ್ಕಲ್ಲಿಗೆ ಬೇಕಾದರೂ ಹೋಗಿ ನಿಲ್ಲಿ. ಮೇಲಿನ ಸಾಲಿನಲ್ಲಿ ಮಹಾಪುರುಷರು, ಅಂಚೆಚೀಟಿ ಗಾತ್ರದಲ್ಲಿ. ನಡುವೆ ಇಪ್ಪತ್ತಾರು ವರ್ಷದ ಒಬ್ಬ ಯುವಕ, ಕಪ್ಪು ಕನ್ನಡಕ, ಬಿಳಿ ಅಂಗಿ, ಕಿವಿಗೆ ಮೊಬೈಲು. ಆ ಮೊಬೈಲಿನಲ್ಲಿ ಯಾರೊಡನೆ ಮಾತಾಡುತ್ತಿದ್ದಾನೆಂದು ಯಾರೂ ಕೇಳಿಲ್ಲ. ಹೆಸರಿನ ಹಿಂದೆ ಬಡವರ ಬಂಧು, ದೀನರ ಆಶಾಕಿರಣ, ಯುವ ಕಣ್ಮಣಿ. ಬಡವರಿಗೆ ಇಷ್ಟೊಂದು ಬಂಧುಗಳಿದ್ದೂ ಬಡವರು ಬಡವರಾಗಿಯೇ ಯಾಕೆ ಉಳಿದರೋ. ಕೆಳಗಿನ ಎರಡು ಸಾಲಿನಲ್ಲಿ ಶುಭ ಕೋರುವವರು. ಕಡಲೆಬೀಜದ ಗಾತ್ರದ ಮೂವತ್ತು ಮುಖಗಳು. ತನ್ನ ಮುಖ ಇಲ್ಲದ್ದಕ್ಕೆ ಮುನಿದವರು ಮುಂದಿನ ವಾರ ಬೇರೆಯೇ ಫ್ಲೆಕ್ಸು ಹಾಕಿಸುತ್ತಾರೆ. ನಮ್ಮಲ್ಲಿ ಪಕ್ಷಗಳು ಒಡೆಯುವುದು ಸಿದ್ಧಾಂತದ ಮೇಲೆ ಎಂದು ಪೇಪರಿನವರು ಬರೆಯುತ್ತಾರೆ. ಕೆಳಗಿನ ಸಾಲಿನ ಮೇಲೆ ಒಡೆದದ್ದೇ ಹೆಚ್ಚು.

ಕೊಪ್ಪಳದ ಕಡೆಯವರು ಯಾವುದರೊಳಗೆ ಗಾಳಿ ತುಂಬಿದೆವೆಂದು ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಅಳಿಯನ ಸಾಂತಾ ನಿಲ್ಲಬೇಕಾದರೆ ಕೆಳಗೊಂದು ಫ್ಯಾನು ತಿರುಗುತ್ತಿರಬೇಕು. ಫ್ಯಾನು ನಿಂತರೆ ಮುದ್ದೆ. ನಮ್ಮ ನಾಯಕರದೂ, ನಟರದೂ ಅದೇ ಯಂತ್ರಶಾಸ್ತ್ರ. ಕೆಳಗೆ ಫ್ಯಾನುಗಳು ತಿರುಗುತ್ತಿರಬೇಕು. ವ್ಯತ್ಯಾಸ ಇಷ್ಟೇ. ಅಲ್ಲಿಯ ಫ್ಯಾನಿನ ಕರೆಂಟ್ ಬಿಲ್ಲು ಗೊಂಬೆಯ ಮಾಲೀಕ ಕಟ್ಟುತ್ತಾನೆ. ಇಲ್ಲಿ ಫ್ಯಾನೇ ಕಟ್ಟುತ್ತಾನೆ.

ಎಷ್ಟು ಕಟ್ಟುತ್ತಾನೆ ಎನ್ನುವುದನ್ನು ನಮ್ಮ ಪಕ್ಕದ ಗದಗ ಜಿಲ್ಲೆ ಕಂಡಿದೆ. 2024ರ ಜನವರಿಯಲ್ಲಿ, ನಟ ಯಶ್ ಹುಟ್ಟುಹಬ್ಬದ ಹಿಂದಿನ ರಾತ್ರಿ, ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಕೆಲವು ಹುಡುಗರು ಕಟೌಟು ನಿಲ್ಲಿಸುತ್ತಿದ್ದರು. ಅದು ವಿದ್ಯುತ್ ತಂತಿಗೆ ತಾಗಿತು. ಮೂವರು ಅಲ್ಲೇ ಹೋದರು, ಉಳಿದ ಕೆಲವರು ಆಸ್ಪತ್ರೆ ಸೇರಿದರು. ಯಶ್ ಆ ಊರಿಗೆ ಹೋಗಿ, ತಾಯಂದಿರ ಮುಂದೆ ಕೂತು, ಇಂಥ ಅಭಿಮಾನ ಬೇಡವೆಂದು ಕೇಳಿಕೊಂಡರು. 11 ಸಾವಿರ ವೋಲ್ಟಿನ ತಂತಿಯಿಂದ ಒಂದು ಕಟ್ಟಡ ಪಕ್ಕಕ್ಕೆ 1.2 ಮೀಟರು, ಮೇಲಕ್ಕೆ 3.7 ಮೀಟರು ದೂರ ಇರಬೇಕೆಂದು ದೇಶದ ವಿದ್ಯುತ್ ಸುರಕ್ಷತಾ ನಿಯಮ ಹೇಳುತ್ತದೆ. ಕಟ್ಟಡಕ್ಕೆ ನಕ್ಷೆ ಇರುತ್ತದೆ, ಅದನ್ನು ನೋಡುವ ಕಚೇರಿ ಇರುತ್ತದೆ. ನಡುರಾತ್ರಿ ಏಳುವ ಕಟೌಟಿಗೆ ನಕ್ಷೆಯೂ ಇಲ್ಲ, ಕಚೇರಿಯೂ ಇಲ್ಲ. ಇರುವುದು ಹುಡುಗರ ಕೈ ಮಾತ್ರ. ಈ ಭಾಗದಲ್ಲಿ ನನಗೆ ವ್ಯಂಗ್ಯ ಹೊಳೆಯುತ್ತಿಲ್ಲ. ಮುಂದಕ್ಕೆ ಹೋಗುತ್ತೇನೆ.

ನಿಯಮ ನಡೆಸಲು ಆಗುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿಸಿದಾಗ ಬೆಂಗಳೂರಿನ ಫ್ಲೆಕ್ಸುಗಳು ರಾತ್ರೋರಾತ್ರಿ ಇಳಿದವು. ಆ ಊರಿನಲ್ಲಿ ಮರಗಳಿವೆ ಎಂಬುದು ಎಷ್ಟೋ ಮಂದಿಗೆ ಆವತ್ತೇ ಖಾತ್ರಿಯಾದದ್ದು. ಇನ್ನೊಂದು ಉದಾಹರಣೆ ನಮ್ಮ ಊರುಗಳದೇ. ಚುನಾವಣೆ ಘೋಷಣೆಯಾದ ಗಳಿಗೆಯಿಂದ ಸರ್ಕಾರಿ ಕಟ್ಟಡದ ಮೇಲಿನ ರಾಜಕೀಯ ಫ್ಲೆಕ್ಸು 24 ಗಂಟೆಯಲ್ಲಿ, ಸಾರ್ವಜನಿಕ ಜಾಗದ್ದು 48 ಗಂಟೆಯಲ್ಲಿ, ಖಾಸಗಿ ಜಾಗದಲ್ಲಿ ನಿಯಮ ಮೀರಿ ಹಾಕಿದ್ದು 72 ಗಂಟೆಯಲ್ಲಿ ಇಳಿಯಬೇಕೆಂದು ಚುನಾವಣಾ ಆಯೋಗದ ಅಪ್ಪಣೆ. ಇಳಿಯುತ್ತವೆ. ಗಡಿಯಾರ ನೋಡಿ ಇಳಿಯುತ್ತವೆ. ಬಸ್ ನಿಲ್ದಾಣಕ್ಕೆ ತನ್ನ ಗೋಡೆ ಸಿಗುತ್ತದೆ, ವೃತ್ತಕ್ಕೆ ತನ್ನ ವೃತ್ತ ಸಿಗುತ್ತದೆ. ಅದೇ ಏಣಿ, ಅದೇ ನೌಕರರು, ಅದೇ ಕಾಯಿದೆ. ಬದಲಾದದ್ದು ಮೇಲಿನವನ ಭಯ ಒಂದೇ. ಮಾದರಿ ನೀತಿ ಸಂಹಿತೆ ಅಂತ ಹೆಸರಿಟ್ಟವರು ಜಾಣರು. ಮಾದರಿ ಅಂದರೆ ತೋರಿಸಿ ಒಳಗಿಡುವುದು.

ಹಾಗಂತ ಅಂಗಳದ ಅಲಂಕಾರದಲ್ಲಿ ನಮ್ಮ ಊರಿನವರಿಗೆ ಶಿಸ್ತೇ ಇಲ್ಲ ಎಂದುಕೊಳ್ಳಬೇಡಿ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ. ದೀಪಾವಳಿಯ ಹಟ್ಟಿ ಹಬ್ಬಕ್ಕೆ ನಮ್ಮ ಹೆಣ್ಣುಮಕ್ಕಳು ಬಾಗಿಲಲ್ಲಿ ಸಗಣಿಯ ಪಾಂಡವರನ್ನು ಕೂರಿಸಿ, ಉತ್ತರಾಣಿ ಕಡ್ಡಿ ಸಿಗಿಸಿ, ಚೆಂಡು ಹೂ ಮುಡಿಸುತ್ತಾರೆ. ಐದು ಮಂದಿಯೂ ಒಂದು ಗೇಣು ಮೀರುವುದಿಲ್ಲ. ಕುರುಕ್ಷೇತ್ರ ಗೆದ್ದವರು! ಹೆಸರಿನ ಹಿಂದೆ ಬಿರುದಿಲ್ಲ, ಕೆಳಗೆ ಶುಭ ಕೋರುವವರಿಲ್ಲ. ಹಬ್ಬ ಕಳೆದರೆ ಬಿಸಿಲಿಗೆ ಒಣಗಿ ಹಗುರಾಗುತ್ತಾರೆ. ಯಾವ ಸಂಘದ ಪತ್ರವೂ ಬೇಕಾಗಿಲ್ಲ. ಎತ್ತರ, ಅವಧಿ, ವಿಸರ್ಜನೆ ಮೂರೂ ಗೊಂಬೆಯ ಮಣ್ಣಿನಲ್ಲೇ ಬರೆದಿರುತ್ತವೆ.

ಗೊಂಬೆಗೂ ಈ ಸೀಮೆಗೂ ಹಳೆಯ ನಂಟು. ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ ಮಾಡುವ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ತಳಕಲ್ಲಿನ ಮಗ್ಗುಲಿನ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿ 9ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಅದೇ ವರ್ಷದ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಚೂಪು ಇರಬಾರದು, ವಿಷದ ಬಣ್ಣ ಇರಬಾರದು, ಬಾಯಿಗೆ ಹೋಗುವ ಚೂರು ಇರಬಾರದು. ಹದಿನಾಲ್ಕು ವರ್ಷದೊಳಗಿನವರ ಗೊಂಬೆಗೆ ಇಷ್ಟು ಪರೀಕ್ಷೆ. ಹದಿನೆಂಟು ದಾಟಿದವರು ಆಡುವ ಇಪ್ಪತ್ತೈದು ಅಡಿಯ ಗೊಂಬೆಗೆ ಯಾವ ಗುರುತೂ ಬೇಡ.

ಇಷ್ಟಾದ ಮೇಲೆ ಕಟ್ಟೆಯಲ್ಲಿ ಒಮ್ಮತ ಮೂಡಿತು. ನಾವೇ ಒಂದು ನಿಯಮಾವಳಿ ಬರೆದು ಅಳಿಯನಿಗೆ ಕಳಿಸುವುದು. ಮಾಸ್ತರು ಮಿರ್ಚಿ ಕಟ್ಟುವ ಹಳೆಯ ಪೇಪರಿನ ಅಂಚಿನಲ್ಲಿ ಬರೆಯತೊಡಗಿದರು.

ಒಂದು, ವ್ಯಾಖ್ಯೆ. ಗಾಳಿಗೊಂಬೆ ಎಂದರೆ ಒಳಗೆ ಗಾಳಿಯ ಹೊರತು ಮತ್ತೇನೂ ಇಲ್ಲದ, ಹೊರಗೆ ಬಣ್ಣ ಮತ್ತು ನಗು ಇರುವ, ರಸ್ತೆಗೆ ಮುಖ ಮಾಡಿ ಕೈ ಬೀಸುವ ಅಥವಾ ಕೈ ಮುಗಿಯುವ ಯಾವುದೇ ಆಕೃತಿ. ಜೀವ ಇರುವವರೂ ಈ ವ್ಯಾಖ್ಯೆಯೊಳಗೆ ಬರುತ್ತಾರೆಯೇ ಎಂಬ ಪ್ರಶ್ನೆಯ ಮೇಲೆ ಅರ್ಧ ತಾಸು ಚರ್ಚೆ ನಡೆದು, ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಎರಡು, ಎತ್ತರ. ಗೊಂಬೆ ಅದರ ಧಣಿ ಊರಿಗೆ ಮಾಡಿದ ಕೆಲಸಕ್ಕಿಂತ ಎತ್ತರ ಇರಬಾರದು. ಹೀಗೆ ಮಾಡಿದರೆ ಕೆಲವಕ್ಕೆ ತಗ್ಗು ತೋಡಬೇಕಾಗುತ್ತದೆ ಎಂದು ಯಜಮಾನರು ಎಚ್ಚರಿಸಿದ್ದರಿಂದ, ತಗ್ಗಿನ ಖರ್ಚು ಧಣಿಯದೇ ಎಂದು ಸೇರಿಸಲಾಯಿತು. ಅಳತೆಗೆ ಹೊರಗಿನವರು ಬೇಡ. ಊರಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ, ಹುಡುಗರಿಗೆ ಪ್ರಾಜೆಕ್ಟ್ ಆಗುತ್ತದೆ.

ಮೂರು, ಅವಧಿ. ಹಬ್ಬ ಮುಗಿದ 72 ಗಂಟೆಯೊಳಗೆ ಇಳಿಸಬೇಕು. ಹುಟ್ಟುಹಬ್ಬವನ್ನು ಹಬ್ಬವೆಂದು ಎಣಿಸತಕ್ಕದ್ದಲ್ಲ. ಹುಟ್ಟಿದ್ದು ಸಾಧನೆಯಾದರೆ ಅದು ತಾಯಿಯದು, ಫೋಟೊ ಅವಳದೇ ಹಾಕಿಸಬೇಕು.

ನಾಲ್ಕು, ಗಾಳಿ. ದಿನಕ್ಕೊಮ್ಮೆ ಎಲ್ಲ ಗೊಂಬೆಗಳ ಗಾಳಿ ತೆಗೆಯತಕ್ಕದ್ದು. ಮಾಲೀಕ ಅದರ ಮುಂದೆ ಐದು ನಿಮಿಷ ನಿಂತು ಮುದ್ದೆಯನ್ನು ನೋಡತಕ್ಕದ್ದು.

ಐದು, ಶುಭ ಕೋರುವವರು. ಮೂರು ಮಂದಿಗೆ ಮೀರಬಾರದು. ಮೂವರೂ ಮನೆ ಕರ, ನೀರಿನ ಕರ ತುಂಬಿದ ರಸೀದಿಯನ್ನು ಫೋಟೊದ ಪಕ್ಕದಲ್ಲಿ ಮುದ್ರಿಸಿರಬೇಕು.

ಆರು, ಶಿಕ್ಷೆ. ತಪ್ಪಿದವರು ದಂಡ ಕಟ್ಟಬೇಕಾಗಿಲ್ಲ. ಗೊಂಬೆ ಎಷ್ಟು ದಿನ ನಿಂತಿತ್ತೋ ಅಷ್ಟು ದಿನ, ಅದೇ ಜಾಗದಲ್ಲಿ, ಅದೇ ಬಿಸಿಲಲ್ಲಿ, ಅದೇ ನಗುವಿನಲ್ಲಿ, ಕೈ ಮುಗಿದುಕೊಂಡು ತಾವೇ ನಿಲ್ಲಬೇಕು.

ಏಳನೆಯದು ವಿನಾಯಿತಿ. ಇಲ್ಲಿಯವರೆಗೆ ಎಲ್ಲ ಸಲೀಸಾಗಿ ಬಂದಿತ್ತು.

ಯಜಮಾನರು ಕೈ ಒರೆಸಿಕೊಂಡು ಬಂದು, “ಮದುವಿ ಫ್ಲೆಕ್ಸ್ ಬಿಡ್ರಿ ಅಣ್ಣಾರ. ಮಗಂದು ಮೇ ತಿಂಗಳದಾಗ ಐತಿ. ಬೀಗರು ಹಾಕಿಸ್ತಾರ, ನಾವು ಹಾಕಿಸ್ಲಿಲ್ಲಂದ್ರ ಹೆಂಗ?” ಎಂದರು. ಬರೆದುಕೊಂಡೆವು. ಚಹಾ ಕುಡಿಯುತ್ತಿದ್ದ ಡ್ರೈವರು, ಅಣ್ಣ ಮೊನ್ನೆ ತಾನೇ ಸೊಸೈಟಿಗೆ ಡೈರೆಕ್ಟರ್ ಆಗಿದ್ದಾನೆ, ಅಭಿನಂದನೆಯನ್ನು ಕೈಬಿಡಿ ಎಂದ. ಬರೆದುಕೊಂಡೆವು. ಮೂಲೆಯಲ್ಲಿದ್ದ ಹಿರಿಯರೊಬ್ಬರು, ಸತ್ತವರ ಶ್ರದ್ಧಾಂಜಲಿಗೆ ಅಡ್ಡ ಬರಬೇಡಿರಪ್ಪಾ, ನನಗೂ ವಯಸ್ಸಾಯಿತು ಎಂದರು. ಅವರ ಫೋಟೊ ಆಗಲೇ ತೆಗೆಸಿಟ್ಟಿದ್ದಾರಂತೆ. ಬರೆದುಕೊಂಡೆವು. ಮಾಸ್ತರು ಪೆನ್ನು ನಿಲ್ಲಿಸಿ, ಕೆಮ್ಮಿ, ತಮ್ಮ ನಿವೃತ್ತಿಯ ದಿನ ಶಿಷ್ಯರು ಒಂದು ಸಣ್ಣದು ಹಾಕಿಸಿದ್ದರು, ಅದು ಮನೆಯ ಅಟ್ಟದ ಮೇಲಿದೆ, ಶಿಕ್ಷಕರನ್ನು ಬಿಟ್ಟುಬಿಡೋಣ ಎಂದರು.

ನಾನು ಸುಮ್ಮನಿರಬಹುದಿತ್ತು. ಆದರೆ ಒಂದು ಸಂಘದವರು ನನಗೆ ಸನ್ಮಾನ ಮಾಡುತ್ತೇವೆ ಎಂದಿದ್ದರು. ಫ್ಲೆಕ್ಸಿಗೆಂದು ಫೋಟೊ ಕೇಳಿದ್ದರು. ಹದಿನೈದು ವರ್ಷ ಹಿಂದಿನದು, ಕೂದಲು ಇದ್ದಾಗಿನದು, ನಾನು ಆಗಲೇ ಕಳಿಸಿಯೂ ಆಗಿತ್ತು. “ಸಾಹಿತ್ಯ, ಸಂಸ್ಕೃತಿ ಅಂತ ಒಂದು ಸೇರಿಸ್ಕೊಳ್ರಿ” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಪೇಪರಿನ ಅಂಚು ಮುಗಿಯಿತು. ವಿನಾಯಿತಿಗಳು ಜಾಹೀರಾತುಗಳ ಮೇಲೆ ಹತ್ತಿ ಇಳಿದು, ನಿಧನ ವಾರ್ತೆಯನ್ನು ದಾಟಿ, ರಾಶಿಭವಿಷ್ಯದವರೆಗೂ ಹಬ್ಬಿದವು. ಕೊನೆಗೆ ಮಾಸ್ತರು ಕೂಡಿ ಕಳೆದು ನೋಡಿದರು. ಕಟ್ಟೆಯ ಮೇಲಿದ್ದ ಯಾರಿಗೂ ನಿಯಮ ತಾಗುವಂತಿರಲಿಲ್ಲ. ರಸ್ತೆಯ ಮೇಲೆ ನಿಂತವರ ಮನೆಗಳಲ್ಲಿಯೂ ಮದುವೆ, ಸಾವು, ಸೊಸೈಟಿ, ಸನ್ಮಾನ ಇದ್ದೇ ಇರುತ್ತವಾದ್ದರಿಂದ ಅವರಿಗೂ ತಾಗುವಂತಿರಲಿಲ್ಲ. “ಹಂಗಾದ್ರ ಇದು ಯಾರಿಗ್ರೀ?” ಎಂದು ಕೇಳಿದರು. ಉತ್ತರ ಸಿಗುವ ಮೊದಲೇ ಯಜಮಾನರು ಆ ಪೇಪರಿನಲ್ಲಿ ಯಾರಿಗೋ ನಾಲ್ಕು ಮಿರ್ಚಿ ಕಟ್ಟಿ ಕೊಟ್ಟುಬಿಟ್ಟರು. ನಮ್ಮ ನಿಯಮಾವಳಿ ಎಣ್ಣೆ ಕುಡಿಯುತ್ತಾ ಕುಷ್ಟಗಿ ರೈಲಿನ ಕಡೆ ಹೋಯಿತು.

ಉತ್ತರ ಸಿಕ್ಕಿದ್ದು ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ರೊಟ್ಟಿ ರಾಶಿ ನೋಡಿ, ದಾಸೋಹದಲ್ಲಿ ಉಂಡು ಹೊರಗೆ ಬಂದೆ. ಹೊರಗೆ ಬಲೂನು ಮಾರುವ ಹುಡುಗ ನಿಂತಿದ್ದ. ಹಿಂದಿನ ಜಾತ್ರೆಗಳಲ್ಲಿ ಬಿಳಿ ಪ್ಲಾಸ್ಟಿಕ್ ಕಡ್ಡಿಗೆ ಸಿಗಿಸಿ ಕೊಡುತ್ತಿದ್ದ ಬಲೂನುಗಳನ್ನು ಈಗ ದಾರಕ್ಕೆ ಕಟ್ಟಿದ್ದ. ಮೊಮ್ಮಗಳಿಗೆಂದು ಒಂದು ಕೇಳಿ, ಕಡ್ಡಿ ಇಲ್ಲವೇ ಎಂದೆ.

“ಕಡ್ಡಿ ಬಿಟ್ಟೀನ್ರೀ ಯಜ್ಜಾ. ಬಂದ್ ಐತಂತ. ಸಾಹೇಬರು ನೋಡಿದ್ರ ಎಲ್ಲಾ ಕಸಗೊಂಡು ಹೋಕ್ಕಾರ.”

ಹೀಗೆ ಹೇಳುವಾಗ ಅವನು ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದುಕೊಂಡಿದ್ದ. ನಾನು ಅವನ ಪಕ್ಕಕ್ಕೆ ಸರಿದೆ. ಅಲ್ಲಿ ತಂಪಿತ್ತು. ತಲೆಯೆತ್ತಿ ನೋಡಿದೆ. ಭಕ್ತಾದಿಗಳಿಗೆ ಶುಭ ಕೋರುತ್ತಾ ಯಾರೋ ಒಬ್ಬರು ದೊಡ್ಡದಾಗಿ ಕೈ ಮುಗಿದು ನಿಂತಿದ್ದರು. ನೆರಳು ಅವರದು.

ಮೊಮ್ಮಗಳು ದಾರ ಹಿಡಿದು ಮುಂದೆ ಓಡಿದಳು. ಆ ಇಡೀ ರಸ್ತೆಯಲ್ಲಿ ಕಾಯಿದೆಗೆ ಬದ್ಧವಾದದ್ದು ಅವಳ ಬಲೂನು ಒಂದೇ. ಮನೆ ಮುಟ್ಟುವುದರೊಳಗೆ ಅದು ಒಡೆಯಿತು. ಅಳಿಯನಿಗೆ ಮಾತ್ರ ನಾನು ಇನ್ನೂ ಉತ್ತರ ಬರೆದಿಲ್ಲ. ಸಾಂತಾನನ್ನು ಮಡಿಚಿ ಒಳಗಿಟ್ಟೆನೆಂದು ಅವನ ಮೆಸೇಜು ಬಂದಿದೆ. ನನ್ನ ಸನ್ಮಾನದ ಫ್ಲೆಕ್ಸು ನಾಳೆ ಏಳುತ್ತದಂತೆ.